ನಾಲ್ಕು ಇಂಟು ಮಾರ್ಕು

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಶುಕ್ರವಾರ ಸಂಜೆ ಪ್ರಾರ್ಥನಾ ಕೂಟ ಇರುತ್ತದೆ. ಒಟ್ಟು ಒಂಬತ್ತು ಮನೆಯವರು. ನಡೆಸುವ ಜವಾಬ್ದಾರಿ ನನಗೆ ಬಂದಾಗ ಮೊದಲು ಮಾಡಿದ್ದೇ ಒಂದು ನೋಟ್‌ಬುಕ್ ತಂದು ಹಾಜರಿ ಬರೆಯುವುದು. ಬಾರದವರ ಹೆಸರಿನ ಮುಂದೆ ಇಂಟು ಮಾರ್ಕು. ಕೂಡಿಬರುವುದನ್ನು ಬಿಡಬೇಡಿ ಎನ್ನುವ ಬೈಬಲಿನ ವಚನ, ಇಬ್ರಿಯ 10:25, ನನಗೆ ಬಾಯಿಪಾಠ. ಅದನ್ನೇ ಹಿಡಿದು ಎಲ್ಲರಿಗೂ ಎಚ್ಚರಿಕೆ ಕೊಡುತ್ತಿದ್ದೆ.

ಆ ವರ್ಷ ಪುಷ್ಯ ಮಳೆ ಬಿಡದೆ ಹೊಯ್ಯುತ್ತಿತ್ತು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ಅಣ್ಣ ಮತ್ತು ಅವರ ಹೆಂಡತಿ ನಾಲ್ಕು ವಾರ ಬಂದಿರಲಿಲ್ಲ. ಐದನೇ ಶುಕ್ರವಾರ, "ವಿಶ್ವಾಸದಲ್ಲಿ ತಣ್ಣಗಾದವರನ್ನು ಎಬ್ಬಿಸು ಕರ್ತನೇ" ಎಂದು ಎಲ್ಲರೆದುರು ಪ್ರಾರ್ಥಿಸಿದೆ. ಯಾರ ವಿಷಯ ಅಂತ ಎಲ್ಲರಿಗೂ ತಿಳಿಯಿತು.

ಮರುದಿನ ಬುದ್ಧಿ ಹೇಳಲೆಂದೇ ಸಂಕ ದಾಟಿ ಹಳ್ಳದ ಆಚೆಯ ಅವರ ಮನೆಗೆ ಹೋದೆ. ಅಣ್ಣ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಚಾಪೆಯ ಮೇಲೆ ಮಲಗಿದ್ದರು. ಯಾರದೋ ತೋಟದಲ್ಲಿ ಔಷಧಿ ಹೊಡೆಯುವಾಗ ಪಾಚಿಗಟ್ಟಿದ ಅಡಿಕೆ ಮರದಿಂದ ಜಾರಿ ಬಿದ್ದಿದ್ದರು.

"ಒಂದು ಮಾತು ಹೇಳಬಾರದಿತ್ತಾ ಅಕ್ಕಾ?"

"ಫೋನಿಗೆ ಇಲ್ಲಿ ಸಿಗ್ನಲ್ ಎಲ್ಲಿ ಬರುತ್ತೆ? ನಾವು ಕಾಣದಿದ್ರೆ ಯಾರಾದ್ರೂ ಬರ್ತೀರಿ ಅಂದ್ಕೊಂಡಿದ್ವಿ."

ನನಗೆ ಮಾತೇ ಹೊರಡಲಿಲ್ಲ.

ಆ ರಾತ್ರಿ ಇಬ್ರಿಯ ಪತ್ರಿಕೆ ತೆರೆದೆ. 25ನೇ ವಚನಕ್ಕೆ ಮೊದಲು 24 ಇದೆಯಲ್ಲ: ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಿ ಎಂಬ ಮಾತು. ಕೂಡಿಬರುವುದು ಅದಕ್ಕಾಗಿ. ಇಷ್ಟು ವರ್ಷ ಅರ್ಧ ವಾಕ್ಯವನ್ನೇ ಓದಿದ್ದೆ. ಅಪೊಸ್ತಲರ ಕೃತ್ಯಗಳು 2:42ರಲ್ಲಿ 'ಅನ್ಯೋನ್ಯತೆ' ಎಂದು ಬರುವ ಕಡೆ ಗ್ರೀಕಿನಲ್ಲಿ 'ಕೊಯ್ನೋನಿಯ' ಎಂದಿದೆ. ರೋಮಾಪುರ 15:26ರಲ್ಲಿ ಮಕೆದೋನ್ಯ, ಅಖಾಯದವರು ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣಕ್ಕೂ ಪೌಲನು ಬಳಸಿದ್ದು ಅದೇ ಪದ.

ಅಣ್ಣನ ಚೂರು ತೋಟಕ್ಕೆ ಎರಡನೇ ಸಲದ ಔಷಧಿ ಬಾಕಿಯಿತ್ತು. ಬಿಟ್ಟರೆ ಕೊಳೆರೋಗಕ್ಕೆ ಕಾಯಿ ಉದುರಿ ಹೋಗುತ್ತಿತ್ತು. ಮಳೆ ಹೊಳವಾದ ದಿನ ಆರು ಜನ ಹೋದೆವು. 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿಗೆ ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ಕೂಡಿಸಿದೆವು. ಅಣ್ಣ ಜಗಲಿಯಿಂದಲೇ, "ಕತ್ತಿ ಅದ್ದಿ ನೋಡ್ರೋ" ಎಂದು ಕೂಗಿದರು. ತೆಗೆದಾಗ ಅಲಗಿನ ಮೇಲೆ ಕೆಂಪು ಕಂಡಿತು, ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಹಾಕಿದ ಮೇಲೆ ಅಲಗು ಬೆಳ್ಳಗೇ ಉಳಿಯಿತು. ಮರ ಹತ್ತಲು ನಮಗ್ಯಾರಿಗೂ ಬಾರದು. ಪಕ್ಕದ ತೋಟದ ಗೌಡರು ನೆಲದಲ್ಲಿ ನಿಂತೇ ಔಷಧಿ ಹೊಡೆಯುವ ಉದ್ದನೆಯ ದೋಟಿ ಕೊಟ್ಟರು, ಬಾಡಿಗೆ ಕೇಳಲಿಲ್ಲ. ಸಂಜೆ ಮೈಯೆಲ್ಲ ನೀಲಿ ಮಾಡಿಕೊಂಡು ಅವರ ಜಗಲಿಯಲ್ಲೇ ಕೂಟ ಮಾಡಿದೆವು. ಆ ಶುಕ್ರವಾರದ ನನ್ನ ಪ್ರಾರ್ಥನೆಗೆ ಎಲ್ಲರೆದುರೇ ಅಣ್ಣನಲ್ಲಿ ಕ್ಷಮೆ ಕೇಳಿದೆ.

ಹಾಜರಿ ಈಗಲೂ ಬರೆಯುತ್ತೇನೆ. ಬಾರದವರ ಹೆಸರಿನ ಮುಂದೆ ಅವರ ಮನೆಗೆ ಹೋಗುವ ಇಬ್ಬರ ಹೆಸರು ಬರುತ್ತದೆ. ಭಾನುವಾರದ ಆರಾಧನೆಯೊಳಗೆ ಹೋಗಿ ಬರಬೇಕು. ಯಾಕೆ ಬರಲಿಲ್ಲ ಎಂದು ಕೇಳುವಂತಿಲ್ಲ. ಸೌದೆ ಒಣಗಿದೆಯಾ, ಅಕ್ಕಿ ಇದೆಯಾ, ಅಷ್ಟೇ ಕೇಳುವುದು.