ಸೀಟಿನ ಮುಂದಿನ ತಗಡು: ಫೋರ್ಕ್‌ಲಿಫ್ಟ್ ಲೈಸೆನ್ಸ್ ಮಾಡಿಸಿಕೊಂಡ ನನ್ನ ಅನುಭವ

ನಮ್ಮ ಗೋಡೌನ್‌ನ ಮೂರನೇ ನಂಬರ್ ಫೋರ್ಕ್‌ಲಿಫ್ಟ್‌ನಲ್ಲಿ, ಸೀಟಿನ ಮುಂದೆ ಅಂಗೈ ಅಗಲದ ಒಂದು ತಗಡು ಇದೆ. ಆ ಗಾಡಿ ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತಬಹುದು ಅಂತ ಅದರ ಮೇಲೆ ಬರೆದಿರುತ್ತೆ. ನಾನು ಮೊದಲ ಸಲ ಅದನ್ನು ಓದಲು ಹೋದಾಗ ಅಕ್ಷರವೇ ಕಾಣಲಿಲ್ಲ. ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಓದಿದೆ. ಅಷ್ಟು ಹೊತ್ತಿಗೆ ನಾನು ಆ ಗಾಡಿಯನ್ನು ಲೈಸೆನ್ಸ್ ಇಲ್ಲದೆ ನಾಲ್ಕು ತಿಂಗಳು ಓಡಿಸಿದ್ದೆ.

ನನ್ನದು ಶಿರಾ ಕಡೆಯ ಹಳ್ಳಿ. ಮನೆಯಲ್ಲಿ ಶೇಂಗಾ ಬೆಳೆಯುತ್ತೇವೆ. ಚಿಕ್ಕಪ್ಪನ ಟ್ರಾಕ್ಟರ್ ಮೇಲೆ ಕೂತು ಬೆಳೆದವನು ನಾನು. ಮಳೆ ಕೈಕೊಟ್ಟ ವರ್ಷ ದಾಬಸ್‌ಪೇಟೆಯ ಒಂದು ವೇರ್‌ಹೌಸ್‌ಗೆ ಲೋಡಿಂಗ್ ಕೆಲಸಕ್ಕೆ ಸೇರಿದೆ. ನೆಲಮಂಗಲ ದಾಟಿದ ಮೇಲೆ ಹೈವೇ ಅಕ್ಕಪಕ್ಕ ಎಷ್ಟು ಗೋಡೌನ್ ಇವೆ ಅಂತ ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ದಿನವಿಡೀ ಚೀಲ ಹೊರುವುದು, ಹ್ಯಾಂಡ್ ಪ್ಯಾಲೆಟ್ ಎಳೆಯುವುದು. ಆಪರೇಟರ್‌ಗೆ ನಮಗಿಂತ ಸಂಬಳ ಜಾಸ್ತಿ, ಸೊಂಟಕ್ಕೂ ನೋವಿಲ್ಲ. ಆ ಸೀಟಿನ ಮೇಲೆ ನನಗೆ ಕಣ್ಣಿತ್ತು.

ರಾತ್ರಿ ಪಾಳಿಯಲ್ಲಿ ಆಪರೇಟರ್ ಅಣ್ಣ ಊಟಕ್ಕೆ ಹೋದಾಗ ಕೀ ಗಾಡಿಯಲ್ಲೇ ಇರುತ್ತಿತ್ತು. ಟ್ರಾಕ್ಟರ್ ಓಡಿಸಿದವನಿಗೆ ಇದೇನು ದೊಡ್ಡದು ಅಂದುಕೊಂಡೆ. ಮೊದಲು ಖಾಲಿ ಪ್ಯಾಲೆಟ್ (ಸರಕು ಜೋಡಿಸುವ ಮರದ ಹಲಗೆ), ಆಮೇಲೆ ಒಂದೆರಡು ಲೋಡ್. ಯಾರೂ ಏನೂ ಅನ್ನಲಿಲ್ಲ. ಕೆಲಸ ಬೇಗ ಮುಗಿಯುತ್ತಿತ್ತು, ಅಲ್ವಾ?

ಒಂದು ರಾತ್ರಿ ಟೈಲ್ಸ್ ಅಂಟಿಸುವ ಪುಡಿಯ ಲೋಡ್ ಇಳಿಯಿತು. 40 ಕೆಜಿಯ 45 ಚೀಲ ಒಂದು ಪ್ಯಾಲೆಟ್ ಮೇಲೆ. ಅಂದರೆ 1,800 ಕೆಜಿ. ಮರದ ಪ್ಯಾಲೆಟ್ ತೂಕ ಒಂದು 25 ಕೆಜಿ. ಗಾಡಿ ಎರಡು ಟನ್ನಿನದು. ಇನ್ನೂ ಜಾಗ ಇದೆ ಅಂತ ನನ್ನ ಲೆಕ್ಕ. ಪ್ಯಾಲೆಟ್ ಅಡ್ಡ ಇತ್ತು. ತಿರುಗಿಸಿಡುವ ತಾಳ್ಮೆ ಇರಲಿಲ್ಲ, ಸಿಕ್ಕ ಕಡೆಯಿಂದಲೇ ಫೋರ್ಕ್, ಅಂದರೆ ಗಾಡಿಯ ಮುಂದಿನ ಎರಡು ಕಬ್ಬಿಣದ ಕೈ, ತೂರಿಸಿ ರ‍್ಯಾಕ್‌ನ ಎರಡನೇ ಹಂತಕ್ಕೆ ಎತ್ತಿದೆ. ಮೂರು ಮೀಟರ್ ಹತ್ತಿರ ಹೋದಾಗ ಸ್ಟೀರಿಂಗ್ ಕೈಯಲ್ಲಿ ಹಗುರಾಯಿತು. ಹಿಂದಿನ ಚಕ್ರ ನೆಲ ಬಿಡುತ್ತಿತ್ತು. ಗಾಬರಿಯಲ್ಲಿ ಲಿವರ್ ಒಮ್ಮೆಗೇ ಒತ್ತಿದೆ. ಲೋಡ್ ಜರ್ಕ್ ಹೊಡೆದು ಇಳಿಯಿತು, ಮೇಲಿನ ಆರೇಳು ಚೀಲ ಕೆಳಗೆ ಬಿದ್ದು ಒಡೆದವು. ಎರಡು ನಿಮಿಷ ಮೊದಲು ಅದೇ ಜಾಗದಲ್ಲಿ ನಮ್ಮ ಹುಡುಗನೊಬ್ಬ ಚೀಲ ಎಣಿಸುತ್ತಾ ನಿಂತಿದ್ದ. ಅವನು ನೀರು ಕುಡಿಯಲು ಹೋಗಿದ್ದರಿಂದ ಬದುಕಿದ. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತೆ.

ಬೆಳಿಗ್ಗೆ ಸೇಫ್ಟಿ ಆಫೀಸರ್ ಕರೆಸಿದರು. "ಲೈಸೆನ್ಸ್ ಇದೆಯೇನಪ್ಪಾ?" ಅಂದರು. "ಇದೆ ಸರ್" ಅಂತ ಕಾರಿನ ಲೈಸೆನ್ಸ್ ತೋರಿಸಿದೆ. ಅವರು ಬೈಯಲಿಲ್ಲ. ಗಾಡಿ ಹತ್ತಿರ ಕರೆದುಕೊಂಡು ಹೋಗಿ, "ಇದರಲ್ಲಿ ಏನು ಬರೆದಿದೆ ಓದು" ಅಂದರು. ಕುಂಕುಮ ಒರೆಸಿದ್ದು ಆಗಲೇ. 500 ಮಿಲಿಮೀಟರ್‌ಗೆ 2,000 ಕೆಜಿ. 600 ಮಿಲಿಮೀಟರ್‌ಗೆ 1,750 ಕೆಜಿ. ಓದಿದೆ, ಆದರೆ ಅರ್ಥ ಆಗಲಿಲ್ಲ. ಅರ್ಥ ಆಗದ ಗಾಡಿಯನ್ನು ಇನ್ನು ಮುಟ್ಟುವುದಿಲ್ಲ ಅಂತ ಆ ದಿನ ತೀರ್ಮಾನ ಮಾಡಿದೆ.

ಲೈಸೆನ್ಸ್ ಮಾಡಿಸೋಣ ಅಂತ ಹೊರಟಾಗ ಮೊದಲು ಸಿಕ್ಕಿದ್ದೇ ಏಜೆಂಟ್. ಫೋಟೋ, ಆಧಾರ್, ದುಡ್ಡು ಕೊಟ್ಟರೆ ಎರಡು ದಿನಕ್ಕೆ ಕಾರ್ಡ್ ಕೊಡುತ್ತೇನೆ ಅಂದ. ಗಾಡಿ ಮುಟ್ಟುವುದೂ ಬೇಡವಂತೆ. ನಮ್ಮಲ್ಲೇ ಒಬ್ಬ ಅಂಥದ್ದು ತಗೊಂಡಿದ್ದ. ನೋಡಲು ಚೆನ್ನಾಗಿತ್ತು, ಲ್ಯಾಮಿನೇಷನ್, ಸೀಲು ಎಲ್ಲಾ ಇತ್ತು. ಆಡಿಟ್‌ಗೆ ಬಂದವರು ಆ ನಂಬರನ್ನು ಸರ್ಕಾರದ ಪರಿವಾಹನ್ ಸೈಟ್‌ನಲ್ಲಿ ಹಾಕಿದರೆ ಏನೂ ಬರಲಿಲ್ಲ. ದುಡ್ಡೂ ಹೋಯಿತು, ಕೆಲಸವೂ ಹೋಯಿತು. ಯಾರಾದರೂ ಕಾರ್ಡ್ ಕೊಟ್ಟರೆ ಮೊದಲು ಅಲ್ಲಿ ನಂಬರ್ ಹಾಕಿ ನೋಡಿ.

ಇಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಕಾಗದಗಳ ವಿಷಯದಲ್ಲಿ. ತರಬೇತಿ ಕೊಟ್ಟವರು ಕೊಡುವ ಸರ್ಟಿಫಿಕೇಟ್ ಒಂದು. ಆರ್‌ಟಿಒ ಕೊಡುವ ಡ್ರೈವಿಂಗ್ ಲೈಸೆನ್ಸ್ ಇನ್ನೊಂದು. ಕೆಲಸ ಕೊಟ್ಟ ಕಂಪನಿ "ಇವನು ನಮ್ಮ ಈ ಗಾಡಿ ಓಡಿಸಬಹುದು" ಅಂತ ಬರೆದುಕೊಡುವ ಅನುಮತಿ ಮತ್ತೊಂದು. ಒಂದಿದ್ದರೆ ಇನ್ನೊಂದು ಬೇಡ ಅನ್ನುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ರಸ್ತೆಗೂ ಇಳಿಯಬಲ್ಲ ಫೋರ್ಕ್‌ಲಿಫ್ಟನ್ನು ಜೆಸಿಬಿ, ಕ್ರೇನ್ ಥರ ಕನ್‌ಸ್ಟ್ರಕ್ಷನ್ ಗಾಡಿಗಳ ಗುಂಪಿಗೆ ಸೇರಿಸಿದ್ದಾರೆ. ಕಾಂಪೌಂಡ್ ಒಳಗೇ ಇರುವ, ರಸ್ತೆಗೆ ಇಳಿಯಲು ಆಗದ ಗಾಡಿ ಆ ಗುಂಪಿನಲ್ಲಿ ಬರುವುದಿಲ್ಲ. ಹಾಗಂತ "ನಮ್ಮದು ಒಳಗೇ ಓಡೋದು, ಲೈಸೆನ್ಸ್ ಯಾಕೆ" ಅಂತ ಸುಮ್ನೆ ಕೂರಬೇಡಿ. ನಮ್ಮ ಎರಡು ಗೋಡೌನ್ ನಡುವೆ ಸಾರ್ವಜನಿಕ ರಸ್ತೆ ಇದೆ. ಅದನ್ನು ದಾಟುವಾಗ ಏನಾದರೂ ಆದರೆ ಮೊದಲು ಕೇಳುವುದು ಲೈಸೆನ್ಸನ್ನೇ.

ನನ್ನ ಹತ್ತಿರ ಕಾರಿನ ಲೈಸೆನ್ಸ್ ಇದ್ದಿದ್ದರಿಂದ ಅದಕ್ಕೇ ಫೋರ್ಕ್‌ಲಿಫ್ಟ್ ಸೇರಿಸಲು ಅರ್ಜಿ ಹಾಕಿದೆ. ಲೈಸೆನ್ಸ್‌ಗೆ ಸರ್ಕಾರದ್ದೇ ಆದ ಸಾರಥಿ ಸೈಟ್‌ನಲ್ಲೇ ಆಗುತ್ತೆ. ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್. ಅದು ಬಂದ 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು, 6 ತಿಂಗಳ ಒಳಗೆ ಮುಗಿಸಬೇಕು. ಎಲ್‌ಎಲ್‌ಗೆ 150 ರೂಪಾಯಿ, ಡ್ರೈವಿಂಗ್ ಟೆಸ್ಟ್‌ಗೆ 300, ಹೊಸ ವರ್ಗ ಸೇರಿಸಲು 500. ಕೇಂದ್ರದ ನಿಯಮದಲ್ಲಿರುವ ಮುಖ್ಯ ಶುಲ್ಕ ಇವು. ನನಗೆ ನಿಜವಾಗಿ ಖರ್ಚಾಗಿದ್ದು ತರಬೇತಿಗೆ. ತುಮಕೂರು ರಸ್ತೆಯ ಒಂದು ಯಾರ್ಡ್‌ನಲ್ಲಿ ಹತ್ತು ದಿನಕ್ಕೆ 8,000 ರೂಪಾಯಿ ಕಟ್ಟಿದೆ. ಅಮ್ಮ ಸಂಘದಲ್ಲಿ ಸಾಲ ಎತ್ತಿಕೊಟ್ಟಳು. ಸೇರುವ ಮುಂಚೆ ಒಂದು ವಿಷಯ ಕೇಳಿಕೊಂಡಿದ್ದೆ. ಟೆಸ್ಟ್‌ಗೆ ಗಾಡಿ ನಾವೇ ತರಬೇಕು. ಫೋರ್ಕ್‌ಲಿಫ್ಟನ್ನು ಆರ್‌ಟಿಒ ಮೈದಾನದವರೆಗೆ ಯಾರು ತರುತ್ತಾರೆ? ಲಾರಿಯಲ್ಲಿ ಹೇರಿಕೊಂಡು ಅವರೇ ತರುತ್ತೇವೆ ಅಂದ ಮೇಲೆ ದುಡ್ಡು ಕಟ್ಟಿದ್ದು.

ಮೊದಲ ದಿನ ಗಾಡಿ ಹತ್ತಿಸಲೇ ಇಲ್ಲ. ಮಾಸ್ಟರ್ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. "ಊರಲ್ಲಿ ಟ್ರಾಕ್ಟರ್ ಓಡಿಸಿದ್ದೀಯಾ? ಓವರ್‌ಲೋಡ್ ಟ್ರೇಲರ್ ಎಳೆಯುವಾಗ ಮುಂದಿನ ಚಕ್ರ ಏಳೋದು ನೋಡಿದ್ದೀಯಾ?" ನೋಡದೆ ಇರುತ್ತೇನಾ. ಏರಿ ಹತ್ತುವಾಗ ಮುಂದೆ ಇಬ್ಬರನ್ನು ಕೂರಿಸುತ್ತಿದ್ದೆವು. "ಇದೂ ಅದೇ. ಆದರೆ ಇಲ್ಲಿ ಏಳೋದು ಹಿಂದಿನ ಚಕ್ರ. ತಿರುಗೋದೂ ಅದೇ ಚಕ್ರ. ಅದು ಎದ್ದರೆ ಗಾಡಿ ನಿನ್ನ ಮಾತು ಕೇಳಲ್ಲ. ಹಿಂದೆ ಆಳು ಕೂರಿಸಿ ಎತ್ತೋರಿದ್ದಾರೆ, ಹಾಗೆ ಯಾವತ್ತೂ ಮಾಡಬೇಡ."

ಆಮೇಲೆ ತ್ರಿಕೋನ ಬರೆದರು. ಮುಂದಿನ ಎರಡು ಚಕ್ರ ಎರಡು ಮೂಲೆ. ಹಿಂದಿನ ಆಕ್ಸಲ್ ಮಧ್ಯದಲ್ಲಿ ಒಂದು ಪಿನ್ ಮೇಲೆ ತೂಗುತ್ತೆ, ಆದ್ದರಿಂದ ನಾಲ್ಕು ಚಕ್ರ ಇದ್ದರೂ ಮೂರನೇ ಮೂಲೆ ಆ ಪಿನ್. ಗಾಡಿ ಮತ್ತು ಲೋಡಿನ ಒಟ್ಟು ಭಾರ ಈ ತ್ರಿಕೋನದ ಒಳಗೆ ಬೀಳುವವರೆಗೆ ಗಾಡಿ ನಿಲ್ಲುತ್ತೆ. ಲೋಡ್ ಮೇಲೆತ್ತಿಕೊಂಡು ತಿರುವಿನಲ್ಲಿ ಜೋರಾಗಿ ಹೋದರೆ ಭಾರ ಪಕ್ಕದ ಗೆರೆ ದಾಟುತ್ತೆ, ಗಾಡಿ ಮಗುಚುತ್ತೆ.

ನಾನು ನಮ್ಮ ಗಾಡಿಯ ತಗಡಿನ ಲೆಕ್ಕ ಕೇಳಿದೆ. ಅವರು ನನ್ನ ಕೈಯಲ್ಲೇ ಮಾಡಿಸಿದರು. ತಗಡಿನಲ್ಲಿರುವ 500 ಅಂದರೆ ಫೋರ್ಕ್‌ನ ಬೆನ್ನಿನಿಂದ, ಅಂದರೆ ನೆಟ್ಟಗೆ ನಿಂತ ಭಾಗದಿಂದ, ಲೋಡಿನ ಮಧ್ಯಕ್ಕೆ ಇರುವ ದೂರ. ಲೋಡ್ ಸೆಂಟರ್ ಅನ್ನುತ್ತಾರೆ. ಮುಂದಿನ ಚಕ್ರದ ಮಧ್ಯದಿಂದ ಫೋರ್ಕ್ ಬೆನ್ನಿಗೆ 400 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. 400ಕ್ಕೆ 500 ಕೂಡಿದರೆ 900. ಅದನ್ನು 2,000 ಕೆಜಿಗೆ ಗುಣಿಸಿದರೆ 18 ಲಕ್ಷ. ಇದು ಗಾಡಿ ತಡೆಯುವ ಶಕ್ತಿ. ಈಗ ಲೋಡಿನ ಮಧ್ಯ 600ಕ್ಕೆ ಹೋಯಿತು ಅನ್ನಿ. 400ಕ್ಕೆ 600 ಕೂಡಿ 1,000. 18 ಲಕ್ಷವನ್ನು 1,000ದಿಂದ ಭಾಗಿಸಿದರೆ 1,800 ಕೆಜಿ. ನಾನು ಎತ್ತಿದ್ದು 1,825. "ಈ ಲೆಕ್ಕ ನಿನಗೆ ಅರ್ಥ ಆಗಲಿ ಅಂತ. ನಂಬಬೇಕಾದ್ದು ತಗಡನ್ನು. ಎತ್ತರ ಹೋದ ಹಾಗೆ ಅದು ಇನ್ನೂ ಕಡಿಮೆ ಹೇಳುತ್ತೆ" ಅಂದರು.

ನನ್ನ ಲೋಡಿನ ಮಧ್ಯ 600ಕ್ಕೆ ಹೋಗಿದ್ದು ಹೇಗೆ? ನಮ್ಮ ಪ್ಯಾಲೆಟ್ ಅಳತೆ 1,200ಕ್ಕೆ 1,000. 1,200 ಅಗಲದ ಕಡೆಯಿಂದ ಫೋರ್ಕ್ ತೂರಿಸಿದರೆ ಒಳಗಿನ ಉದ್ದ 1,000, ಮಧ್ಯ 500. ಇನ್ನೊಂದು ಕಡೆಯಿಂದ ತೂರಿಸಿದರೆ ಮಧ್ಯ 600. ಅದೇ ಪ್ಯಾಲೆಟ್, ಅದೇ ಚೀಲ, ಅದೇ ಗಾಡಿ. ಆ ರಾತ್ರಿ ಪ್ಯಾಲೆಟ್ ತಿರುಗಿಸಿಡಲು ಬೇಜಾರಾಗಿ ನಾನು ಒಬ್ಬನ ಜೀವದ ಜೊತೆ ಆಡಿದ್ದೆ. ಸೀಮೆಸುಣ್ಣದ ಆ ಅಂಕಿಗಳ ಮುಂದೆ ತುಂಬಾ ಹೊತ್ತು ಕೂತಿದ್ದೆ.

ಎರಡನೇ ದಿನದಿಂದ ಗಾಡಿ. ಟ್ರಾಕ್ಟರ್ ಅಭ್ಯಾಸ ಸಹಾಯಕ್ಕಿಂತ ಅಡ್ಡಿಯೇ ಆಯಿತು. ಹಿಂದಿನ ಚಕ್ರ ತಿರುಗುವುದರಿಂದ ಎಡಕ್ಕೆ ತಿರುಗಿಸಿದರೆ ಗಾಡಿಯ ಬಾಲ ಬಲಕ್ಕೆ ಬೀಸುತ್ತೆ. ಪಕ್ಕದಲ್ಲಿ ನಿಂತವರಿಗೆ, ರ‍್ಯಾಕ್ ಕಾಲಿಗೆ ಹೊಡೆಯುವುದು ಆ ಬಾಲವೇ. ಎಡಗೈ ಸ್ಟೀರಿಂಗ್ ಮೇಲಿನ ಗುಂಡಿಗೆ, ಬಲಗೈ ಲಿವರ್‌ಗಳಿಗೆ. ಮಾಸ್ಟರ್ ಪ್ಯಾಲೆಟ್ ಮೇಲೆ ಅಂಚಿನವರೆಗೆ ನೀರು ತುಂಬಿದ ಬಕೆಟ್ ಇಟ್ಟು ಯಾರ್ಡ್ ಸುತ್ತು ಹಾಕಿಸುತ್ತಿದ್ದರು. ನೀರು ಚೆಲ್ಲಿದರೆ ಮತ್ತೆ ಮೊದಲಿಂದ. ಬ್ರೇಕ್ ಹೇಗೆ ಒತ್ತಬೇಕು ಅಂತ ಆ ಬಕೆಟ್ ಕಲಿಸಿದ ಹಾಗೆ ಯಾವ ಮಾತೂ ಕಲಿಸಲಿಲ್ಲ. ಓಡಾಡುವಾಗ ಫೋರ್ಕ್ ನೆಲದಿಂದ ಒಂದು ಗೇಣಿಗಿಂತ ಕೆಳಗೇ ಇರಬೇಕು, ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ) ಹಿಂದಕ್ಕೆ ವಾಲಿರಬೇಕು. ಲೋಡ್ ಕಣ್ಣಿಗೆ ಅಡ್ಡ ಬಂದರೆ ರಿವರ್ಸ್‌ನಲ್ಲಿ ಹೋಗಬೇಕು. ಇಳಿಜಾರಿನಲ್ಲಿ ಲೋಡ್ ಯಾವಾಗಲೂ ಮೇಲಿನ ಕಡೆಗೆ ಇರಬೇಕು: ಹತ್ತುವಾಗ ಗಾಡಿ ಮುಂದಕ್ಕೆ ಓಡಿಸಬೇಕು, ಇಳಿಯುವಾಗ ರಿವರ್ಸ್‌ನಲ್ಲಿ. ಗಾಡಿ ಖಾಲಿ ಇದ್ದರೆ ಉಲ್ಟಾ.

ಒಂದು ಪಾಠವನ್ನು ಅವರು ಹತ್ತು ದಿನವೂ ಹೇಳಿದರು. ಗಾಡಿ ಮಗುಚಲು ಶುರುವಾದರೆ ಹಾರಬೇಡ. ಹಾರಿದವನ ಮೇಲೆಯೇ ತಲೆ ಮೇಲಿನ ಕಬ್ಬಿಣದ ಚೌಕಟ್ಟು ಬೀಳುತ್ತೆ. ಸ್ಟೀರಿಂಗ್ ಬಿಗಿಯಾಗಿ ಹಿಡಿ, ಕಾಲು ಊರು, ಗಾಡಿ ಬೀಳುವ ಕಡೆಯ ವಿರುದ್ಧ ದಿಕ್ಕಿಗೆ ವಾಲು. ಬೆಲ್ಟ್ ಹಾಕಿದವನಿಗೆ ಮಾತ್ರ ಇದನ್ನು ಮಾಡಲು ಆಗುತ್ತೆ. ನಮ್ಮಲ್ಲಿ ಅರ್ಧ ಜನ ಬೆಲ್ಟನ್ನು ಸೀಟಿನ ಹಿಂದೆ ಸಿಕ್ಕಿಸಿಟ್ಟು ಬಜರ್ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ ಅಣ್ಣಂದಿರಾ.

ಟೆಸ್ಟ್ ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕಾದೆ. ಇನ್‌ಸ್ಪೆಕ್ಟರ್ ಗಾಡಿ ಮುಂದಕ್ಕೆ, ಹಿಂದಕ್ಕೆ ಓಡಿಸಲು ಹೇಳಿದರು, ಪ್ಯಾಲೆಟ್ ಎತ್ತಿ ಗುರುತು ಮಾಡಿದ ಜಾಗದಲ್ಲಿ ಇಡಲು ಹೇಳಿದರು. ಹತ್ತುವ ಮುಂಚೆ ಟೈರ್, ಚೈನ್, ಎಣ್ಣೆ ಸೋರಿಕೆ ನೋಡಿ, ಹಾರ್ನ್ ಹೊಡೆದು, ಬೆಲ್ಟ್ ಹಾಕಿದೆ. ಮಾಸ್ಟರ್ ದೂರದಿಂದ ತಲೆ ಆಡಿಸಿದರು. ಕೆಲವು ದಿನ ಬಿಟ್ಟು ಕಾರ್ಡ್ ಅಂಚೆಯಲ್ಲಿ ಮನೆಗೆ ಬಂತು.

ಕಾರ್ಡ್ ಹಿಡಿದುಕೊಂಡು ಹೋದರೂ ಸೇಫ್ಟಿ ಆಫೀಸರ್ ಕೀ ಕೊಡಲಿಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿದರು. ಮೂರು ವಾರ ಸೀನಿಯರ್ ಅಣ್ಣನ ಕಣ್ಣೆದುರೇ ಓಡಿಸಬೇಕು ಅಂದರು. ನಮ್ಮದು ಬ್ಯಾಟರಿ ಗಾಡಿ, ಯಾರ್ಡ್‌ನಲ್ಲಿ ಕಲಿತಿದ್ದು ಡೀಸೆಲ್. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಹತ್ತಿರ ಬೀಡಿ ಕಡ್ಡಿ ಗೀರಬಾರದು, ಡಿಸ್ಟಿಲ್ಡ್ ವಾಟರ್ ಚಾರ್ಜ್ ಮುಗಿದ ಮೇಲೆ ಹಾಕಬೇಕು. ಇದೆಲ್ಲಾ ಇಲ್ಲಿಯೇ ಕಲಿತಿದ್ದು. ಫೋರ್ಕ್‌ನ ಮೊಣಕೈ, ಅಂದರೆ ಅದು ಬಾಗುವ ಜಾಗದ, ದಪ್ಪ ಅಳೆಯುವುದನ್ನೂ ಅಣ್ಣ ತೋರಿಸಿದರು. ಹೊಸದರಲ್ಲಿ 40 ಮಿಲಿಮೀಟರ್ ಇದ್ದದ್ದು 36ಕ್ಕೆ ಸವೆದರೆ, ಅಂದರೆ ಹತ್ತರಲ್ಲಿ ಒಂದು ಪಾಲು, ಅದನ್ನು ತೆಗೆದು ಹಾಕಬೇಕು. ಲಾರಿ ಒಳಗೆ ಗಾಡಿ ನುಗ್ಗಿಸುವ ಮುಂಚೆ ಲಾರಿ ಚಕ್ರಕ್ಕೆ ಅಡೆ ಕೊಟ್ಟಿದ್ದಾರಾ ಅಂತ ಇಳಿದು ಕಣ್ಣಾರೆ ನೋಡಬೇಕು. ಡ್ರೈವರ್ "ಹಾಕಿದ್ದೀನಿ ಬನ್ನಿ" ಅಂದರೂ ನಾನು ಇಳಿದೇ ನೋಡುತ್ತೇನೆ.

ಮೂರು ವಾರ ಆದ ಮೇಲೆ ಚಾರ್ಜಿಂಗ್ ಜಾಗದ ಗೋಡೆಯ ಮೇಲಿನ ಆಪರೇಟರ್‌ಗಳ ಪಟ್ಟಿಯಲ್ಲಿ ನನ್ನ ಹೆಸರು, ಫೋಟೋ ಬಂತು. ಅನುಮತಿ ಒಂದು ವರ್ಷಕ್ಕೆ. ಈಗ ಎರಡನೇ ಸಲ ನವೀಕರಣ ಆಗಿದೆ. ಸಂಘದ ಸಾಲ ತೀರಿತು. ಆಯುಧಪೂಜೆಗೆ ಗಾಡಿ ಅಲಂಕಾರ ಈಗ ನನ್ನದೇ. ಮಾಸ್ಟ್‌ಗೆ ಚೆಂಡು ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಕುಂಕುಮ ಮಾತ್ರ ತಗಡು ಬಿಟ್ಟು ಪಕ್ಕದಲ್ಲಿ ಹಚ್ಚುತ್ತೇನೆ.

ಈಗ ರೀಚ್ ಟ್ರಕ್ ಕಲಿಯುತ್ತಿದ್ದೇನೆ. ಅದರಲ್ಲಿ ಪಕ್ಕಕ್ಕೆ ಮುಖ ಮಾಡಿ ಕೂರಬೇಕು, ಕಿರಿದಾದ ದಾರಿಯಲ್ಲಿ ನಾಲ್ಕನೇ, ಐದನೇ ಹಂತದವರೆಗೆ ಎತ್ತಬೇಕು. ಅದರ ತಗಡಿನಲ್ಲಿ ಎತ್ತರಕ್ಕೊಂದು ಸಾಲು ಇದೆ. ಮೊದಲ ದಿನವೇ ಅದನ್ನು ನೋಟ್‌ಬುಕ್‌ಗೆ ಬರೆದುಕೊಂಡೆ. ಸೀಟಿಗೆ ಹತ್ತಿದ್ದು ಮಾರನೇ ದಿನ.