ಅಕ್ಷರ ಬಿಟ್ಟು ಓದಿ: ಗ್ರಾಫಿಕ್ ಕಾದಂಬರಿಗೆ ಹೊಸಬರಾದವರಿಗೆ

ನಮ್ಮ ಆಫೀಸಿನಲ್ಲಿ ಯಾರಿಗಾದರೂ ಗ್ರಾಫಿಕ್ ಕಾದಂಬರಿ, ಅಂದರೆ ಚೌಕ ಚೌಕದ ಚಿತ್ರಗಳಲ್ಲಿ ಕಥೆ ಹೇಳುವ ಪುಸ್ತಕ, ಕೊಟ್ಟರೆ ಊಟದ ಬಿಡುವಿನಲ್ಲಿ ಓದಿ ಮುಗಿಸಿ ವಾಪಸ್ ತಂದುಕೊಡುತ್ತಾರೆ. "ಚೆನ್ನಾಗಿದೆ. ಆದರೆ ಇಷ್ಟು ದುಡ್ಡು ಕೊಡೋ ಅಂಥದ್ದು ಏನಿದೆ ಇದರಲ್ಲಿ?" ಅಂತ ಕೇಳುತ್ತಾರೆ. ತಪ್ಪು ಅವರದಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವವರ ಕಣ್ಣು ಅಕ್ಷರ ಇದ್ದಲ್ಲಿಗೆ ಓಡುತ್ತದೆ. ಚಿತ್ರ ಅಂದರೆ ಸುದ್ದಿ ಸಾಲದಾಗ ಜಾಗ ತುಂಬುವ ಫೋಟೊ ಅಷ್ಟೆ. ನಾನು ಅದೇ ಪತ್ರಿಕೆಯಲ್ಲಿ ಪೇಜ್ ಮಾಡುವವನು. ಸುದ್ದಿ ಏನು ಅನ್ನುವುದಕ್ಕಿಂತ ಅದು ಪುಟದಲ್ಲಿ ಹೇಗೆ ಕೂತಿದೆ ಅಂತ ನೋಡುವುದು ನನ್ನ ಕಸುಬು. ಅದಕ್ಕೇ ಇರಬೇಕು, ಈ ಪುಸ್ತಕಗಳು ನನಗೆ ಬೇಗ ಒಗ್ಗಿದವು. ಈಚೆಗೆ ಓದಿದ ಕೆಲವನ್ನು ಮುಂದಿಟ್ಟುಕೊಂಡು, ಓದುವುದು ಹೇಗೆ ಅಂತ ಹೇಳುತ್ತೇನೆ.

ಮೊದಲ ತೊಡಕು ನಮ್ಮ ಹಳೆ ಅಭ್ಯಾಸ. ನಾವೆಲ್ಲ ಅಮರ ಚಿತ್ರ ಕಥೆ, ಬಾಲಮಂಗಳದ ಡಿಂಗ ಓದಿ ಬೆಳೆದವರು. (ಅಂದಹಾಗೆ, ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಚಿಕೆ ಬಂದದ್ದು ಕನ್ನಡದಲ್ಲಿ. ಅವು ಸಿಂಡ್ರೆಲಾ ತರದ ವಿದೇಶಿ ಕಥೆಗಳು. 'ಕೃಷ್ಣ' ಬಂದದ್ದು ಹನ್ನೊಂದನೆಯದಾಗಿ. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ.) ಆ ಪುಸ್ತಕಗಳಲ್ಲಿ ಚೌಕದ ಮೇಲಿನ ಸಾಲೇ ಕಥೆ ಹೇಳಿಬಿಡುತ್ತಿತ್ತು. ರಾಜ ಕಾಡಿಗೆ ಹೋದ ಅಂತ ಮೇಲೆ ಬರೆದಿರುತ್ತದೆ, ಕೆಳಗೆ ರಾಜ ಕಾಡಿಗೆ ಹೋಗುತ್ತಿರುತ್ತಾನೆ. ಸಾಲು ಓದಿ, ಚಿತ್ರದ ಮೇಲೆ ಕಣ್ಣಾಡಿಸಿ, ಮುಂದಕ್ಕೆ ಹೋದರೆ ಏನೂ ನಷ್ಟವಿರಲಿಲ್ಲ. ಈಗಿನ ಪುಸ್ತಕಗಳನ್ನು ಹಾಗೆ ಓದಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಹಾಗಾಗಿ ಮಾತೇ ಇಲ್ಲದ ಪುಸ್ತಕದಿಂದ ಶುರು ಮಾಡಿ. ಆಸ್ಟ್ರೇಲಿಯಾದ ಶಾನ್ ಟ್ಯಾನ್ ಬರೆದ, ಅಲ್ಲ, ಬಿಡಿಸಿದ 'ದಿ ಅರೈವಲ್' 2006ರಲ್ಲಿ ಬಂತು. ಹೆಂಡತಿ ಮಗಳನ್ನು ಬಿಟ್ಟು ಗುರುತಿಲ್ಲದ ಊರಿಗೆ ಕೆಲಸ ಹುಡುಕಿಕೊಂಡು ಹೋಗುವವನ ಕಥೆ. ಹಳೆ ಫೋಟೊ ಆಲ್ಬಮ್ಮಿನ ಬಣ್ಣದಲ್ಲಿ, ಪೆನ್ಸಿಲ್ಲಿನಲ್ಲಿ ಬಿಡಿಸಿದ್ದು. ಮೊದಲ ಪುಟದಲ್ಲಿ ಮನುಷ್ಯರೇ ಇಲ್ಲ. ಕಾಗದದ ಹಕ್ಕಿ, ಗಡಿಯಾರ, ಟೋಪಿ, ಮಗು ಬಿಡಿಸಿದ ಚಿತ್ರ, ಟೀ ಕುಡಿಯುವ ಸಾಮಾನು, ಹೀಗೆ ಒಂದೊಂದು ಚೌಕಕ್ಕೆ ಒಂದೊಂದು ವಸ್ತು. ಇಲ್ಲಿ ಅವಸರ ಮಾಡಬೇಡಿ. ಒಂದೊಂದನ್ನೂ ನೋಡಿ, ಇದು ಯಾರ ಮನೆ, ಇಲ್ಲಿ ಏನಾಗುತ್ತಿದೆ ಅಂತ ನೀವೇ ಹೇಳಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಕೂತು ಜೋರಾಗಿ ಹೇಳಿಸಿ, ನಮಗಿಂತ ಅವರು ಚೆನ್ನಾಗಿ ಓದುತ್ತಾರೆ. ಆ ಹೊಸ ಊರಿನ ಬೋರ್ಡುಗಳ ಮೇಲಿರುವ ಲಿಪಿ ಲೋಕದಲ್ಲಿ ಎಲ್ಲೂ ಇಲ್ಲದ್ದು, ಟ್ಯಾನ್ ಕಟ್ಟಿದ್ದು. ಬಸ್ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗದ ಆ ಮನುಷ್ಯನ ಪಾಡು ನಮ್ಮದೂ ಆಗುತ್ತದೆ. ಬೆಂಗಳೂರಿಗೆ ಹೊಸದಾಗಿ ಬಂದು, ಕನ್ನಡ ಬೋರ್ಡು ಓದಲಾಗದೆ ಮೆಜೆಸ್ಟಿಕ್ಕಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದಕ್ಕೆ 'ಭೀಮಾಯನ' ತಗೊಳ್ಳಿ. ಮಧ್ಯಪ್ರದೇಶದ ಪರಧಾನ್ ಗೋಂಡ್ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರ ಬಿಡಿಸಿ, ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಬರೆದು, 2011ರಲ್ಲಿ ನವಯಾನ ಅನ್ನುವ ಸಣ್ಣ ಪ್ರಕಾಶನ ತಂದ ಅಂಬೇಡ್ಕರ್ ಕಥೆ. ನೀರು, ಸೂರು, ಪಯಣ ಅಂತ ಮೂರು ಭಾಗ. ಇದನ್ನು ಓದುವ ಮೊದಲು ಒಂದು ಕೆಲಸ ಮಾಡಿ: ಒಂದಕ್ಷರವನ್ನೂ ಓದದೆ ಕೊನೆಯವರೆಗೆ ಪುಟ ತಿರುವಿ. ಚೌಕ ಕಾಣುವುದೇ ಇಲ್ಲ, ಅಲ್ವಾ? ಗೋಂಡ್ ಮನೆಗಳ ಗೋಡೆ, ನೆಲದ ಮೇಲೆ ಬರೆಯುವ ಡಿಗ್ನಾ ಅನ್ನುವ ಅಲಂಕಾರದ ಪಟ್ಟಿ ಬಳುಕಿಕೊಂಡು ಹೋಗಿ ಪುಟವನ್ನು ಭಾಗ ಮಾಡುತ್ತದೆ. ಮನುಷ್ಯರನ್ನು ಡಬ್ಬಿಯೊಳಗೆ ತುರುಕುವುದು ಆ ಕಲಾವಿದರಿಗೆ ಒಪ್ಪಿಗೆಯಾಗಲಿಲ್ಲ.

ಆಮೇಲೆ ಮಾತಿನ ಗುಳ್ಳೆಗಳನ್ನು ಮಾತ್ರ ನೋಡಿ. ಕೆಲವು ಹಕ್ಕಿಯ ಆಕಾರದಲ್ಲಿವೆ. ಕೆಲವಕ್ಕೆ ಬಾಲದ ಜಾಗದಲ್ಲಿ ಚೇಳಿನ ಕೊಂಡಿ. ಮೆತ್ತಗಿನ ಮಾತಿಗೆ, ಪೆಟ್ಟು ತಿಂದವರ ಮಾತಿಗೆ ಹಕ್ಕಿ. ಜಾತಿಯ ವಿಷ ಕಾರುವ ಮಾತಿಗೆ ಚೇಳು. ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಅಂದುಕೊಂಡದ್ದಕ್ಕೆ ಒಂದು ಕಣ್ಣಿನ ಗುರುತು. ಇಷ್ಟು ತಿಳಿದ ಮೇಲೆ ಶಾಲೆಯಲ್ಲಿ ಬಾಯಾರಿದ ಹುಡುಗ ಭೀಮ ನೀರು ಕೇಳುವ ಪುಟಕ್ಕೆ ಬನ್ನಿ. ಮಾತು ಓದುವ ಮೊದಲೇ ಯಾರು ಯಾರನ್ನು ಕುಟುಕುತ್ತಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ನಾನು ದಿನಾ ಹೆಡ್‌ಲೈನಿಗೆ ಫಾಂಟ್ ಹುಡುಕುವವನು. ಮಾತಿನ ಗುಣವನ್ನೇ ಅದರ ಆಕಾರ ಮಾಡಿದ್ದು ಕಂಡು ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಮೂರನೆಯ ಪಾಠ ಎರಡು ಚೌಕಗಳ ನಡುವಿನ ಖಾಲಿ ಜಾಗದ್ದು. ಅದಕ್ಕೆ ಗಟರ್ ಅಂತಾರೆ. ಒಂದು ಚೌಕದಲ್ಲಿ ಕೈ ಎತ್ತಿದೆ, ಮುಂದಿನದರಲ್ಲಿ ಮಗು ಅಳುತ್ತಿದೆ. ಏಟು ಬಿದ್ದದ್ದು ಎಲ್ಲೂ ಬಿಡಿಸಿಲ್ಲ. ಆ ಏಟು ಹೊಡೆದದ್ದು ಓದುಗ, ತನ್ನ ಮನಸ್ಸಿನಲ್ಲೇ. ಒಳ್ಳೆಯ ಕಲಾವಿದರು ಭಾರವಾದದ್ದನ್ನೆಲ್ಲ ಅಲ್ಲಿಗೆ ತಳ್ಳುತ್ತಾರೆ, ಇಲ್ಲವೇ ಚೌಕವನ್ನೇ ಖಾಲಿ ಬಿಡುತ್ತಾರೆ. ಮರ್ಜಾನ್ ಸತ್ರಪಿಯ 'ಪರ್ಸೆಪೊಲಿಸ್' ನೋಡಿ. ಇರಾನಿನಲ್ಲಿ ಕಳೆದ ತಮ್ಮದೇ ಬಾಲ್ಯದ ಕಥೆ. 2000ದಿಂದ 2003ರವರೆಗೆ ನಾಲ್ಕು ಭಾಗವಾಗಿ ಬಂತು, ತಂದದ್ದು ಕಲಾವಿದರೇ ಸೇರಿ ಕಟ್ಟಿದ ಫ್ರಾನ್ಸಿನ ಒಂದು ಪ್ರಕಾಶನ. ಯುದ್ಧದ ದಿನಗಳಲ್ಲಿ ಪಕ್ಕದ ಮನೆ ಮೇಲೆ ಕ್ಷಿಪಣಿ ಬೀಳುತ್ತದೆ. ಅವಶೇಷದ ನಡುವೆ ಗೆಳತಿಯ ಕೈಬಳೆ ಹುಡುಗಿಯ ಕಣ್ಣಿಗೆ ಬೀಳುತ್ತದೆ. ಅವಳು ಮುಖ ಮುಚ್ಚಿಕೊಳ್ಳುತ್ತಾಳೆ. ಮುಂದಿನ ಚೌಕ ಪೂರ್ತಿ ಕಪ್ಪು.

ಕೊರಿಯಾದ ಕ್ಯುಂ ಸುಕ್ ಜಾಂಡ್ರಿ-ಕಿಮ್ ಅವರ 'ಗ್ರಾಸ್' ಪುಸ್ತಕದಲ್ಲೂ ಕಪ್ಪು ಚೌಕಗಳಿವೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೈನ್ಯ ಲೈಂಗಿಕ ಗುಲಾಮಗಿರಿಗೆ ದೂಡಿದ ಲೀ ಓಕ್-ಸುನ್ ಅನ್ನುವವರ ಬದುಕು ಅದು. ಶಾಲೆಗೆ ಕಳಿಸುತ್ತೇವೆ ಅಂತ ನಂಬಿಸಿ ಮನೆಯಿಂದ ಕರೆದೊಯ್ದ ಹುಡುಗಿ. ಅತ್ಯಾಚಾರವನ್ನು ಬಿಡಿಸದೆ ಚೌಕಗಳಿಗೆ ಮಸಿ ತುಂಬಿದ್ದಾರೆ. ಸತ್ರಪಿಯ ಕಪ್ಪು ಒಂದೇ ಚೌಕ, ಹುಡುಗಿಯ ಕಣ್ಣು ಮುಚ್ಚಿದ ಕಪ್ಪು. ಇಲ್ಲಿಯದು ಬ್ರಷ್ಷಿನ ಕಪ್ಪು. ನೋಡುವವರು ನಾವು, ನಮಗೇ ನೋಡಲು ಬಿಡುವುದಿಲ್ಲ. ಇಂಥ ಪುಟ ಬಂದಾಗ "ಇಲ್ಲೇನೂ ಇಲ್ಲ" ಅಂತ ತಿರುವಬೇಡಿ. ನ್ಯೂಸ್‌ಪ್ರಿಂಟಿನಲ್ಲಿ ಪೂರ್ತಿ ಕಪ್ಪು ಇಟ್ಟರೆ ಮಸಿ ಹಿಂದಿನ ಪುಟಕ್ಕೆ ಇಳಿಯುತ್ತದೆ, ನಾವು ಹೆದರಿ ಇಡುವುದಿಲ್ಲ. ಪುಸ್ತಕದಲ್ಲಿ ಯಾರಾದರೂ ಇಟ್ಟಿದ್ದಾರೆ ಅಂದರೆ ಯೋಚನೆ ಮಾಡಿಯೇ ಇಟ್ಟಿರುತ್ತಾರೆ. 'ಗ್ರಾಸ್' ಒಂದೇ ಗುಕ್ಕಿಗೆ ಓದುವುದು ಬೇಡ. ದಪ್ಪ ಪುಸ್ತಕ, ಎದೆಯೂ ಭಾರವಾಗುತ್ತದೆ.

ಎಲ್ಲವೂ ಇಷ್ಟವಾಗಲೇಬೇಕು ಅಂತಿಲ್ಲ. ಮಲಿಕ್ ಸಜಾದ್ ಅವರ 'ಮುನ್ನು' (2015) ಕಾಶ್ಮೀರದ ಹುಡುಗನೊಬ್ಬನ ಕಥೆ. ಕಾಶ್ಮೀರಿಗಳಿಗೆಲ್ಲ ಅಳಿವಿನ ಅಂಚಿನಲ್ಲಿರುವ ಹಂಗುಲ್ ಜಿಂಕೆಯ ಮುಖ. ಉಪಾಯ ಚೆನ್ನಾಗಿದೆ. ಆದರೆ ನೂರು ಪುಟ ದಾಟಿದ ಮೇಲೆ ಯಾರು ಅಣ್ಣ, ಯಾರು ಪಕ್ಕದ ಮನೆಯವರು ಅಂತ ನನಗೆ ಗೊಂದಲವಾಗುತ್ತಲೇ ಇತ್ತು. ಬೀದಿ, ಗಲ್ಲಿಗಳ ಚಿತ್ರ ಮಾತ್ರ ಅದ್ಭುತ. ಅವಕ್ಕಾಗಿಯೇ ಓದಬಹುದು. ಒರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್' ಬಗ್ಗೆ ಇಂಥ ತಕರಾರಿಲ್ಲ. ನರ್ಮದಾ ಅಣೆಕಟ್ಟಿನ ಹೋರಾಟದ ಮೇಲೆ 1994ರಲ್ಲಿ ಬಂದದ್ದು, ಎಷ್ಟೋ ವರ್ಷ ಸಿಗುತ್ತಿರಲಿಲ್ಲ, 2022ರಲ್ಲಿ ಮತ್ತೆ ಅಚ್ಚಾಯಿತು. ತೆಳ್ಳಗಿನ ಪುಸ್ತಕ, ಒಂದು ಸಂಜೆ ಸಾಕು.

ಕೊಳ್ಳುವಾಗ ನಡುವಿನ ಪುಟ ಬಿಚ್ಚಿ ನೋಡಿ. ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗವನ್ನು ಬೈಂಡಿಂಗ್ ನುಂಗಿದ್ದರೆ ದಪ್ಪ ಪುಸ್ತಕದಲ್ಲಿ ಬಹಳ ಕಿರಿಕಿರಿ. ಮೊಬೈಲಿನಲ್ಲಿ ಓದುವುದಾದರೆ ಒಂದೊಂದೇ ಚೌಕ ದೊಡ್ಡದು ಮಾಡಿ ತೋರಿಸುವ ಸೌಲಭ್ಯವನ್ನು ಆಫ್ ಮಾಡಿ. ಚೌಕ ಚಿಕ್ಕದೋ ದೊಡ್ಡದೋ, ಪಕ್ಕದಲ್ಲಿ ಏನಿದೆ ಅನ್ನುವುದೆಲ್ಲ ಕಥೆಯದೇ ಭಾಗ. ಟ್ಯಾಬ್ ಇದ್ದರೆ ವಾಸಿ. ದುಬಾರಿ ಅನಿಸಿದರೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ.

ಓದಿ ಆದ ಮೇಲೆ ಸುಮ್ನೆ ಒಂದು ಆಟ ಆಡಿ. ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ, ಬಿಚ್ಚಿ. ಎಂಟು ಮನೆ ಸಿಗುತ್ತವೆ. ಉದ್ದನೆಯ ಬದಿ ಅರ್ಧವಾಗುವಂತೆ ಅಡ್ಡಕ್ಕೆ ಒಮ್ಮೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಉದ್ದ ಕತ್ತರಿಸಿ. ಬಿಚ್ಚಿ, ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿದರೆ ಎಂಟು ಪುಟದ ಕಿರುಪುಸ್ತಕ. ರಟ್ಟಿನ ಎರಡು ಪುಟ ಬಿಟ್ಟು ಒಳಗಿನ ಆರಕ್ಕೆ ನಿಮ್ಮ ಬೆಳಗಿನ ಬಸ್ಸಿನ ಪ್ರಯಾಣವನ್ನು ಬಿಡಿಸಿ. ಕಡ್ಡಿ ಮನುಷ್ಯರಾದರೂ ಸಾಕು. ಮಾತು ಬರೆಯಬೇಡಿ. ಆರು ಚಿತ್ರದಲ್ಲಿ ಯಾವುದನ್ನು ಬಿಡಬೇಕು ಅಂತ ತಲೆ ಕೆರೆದುಕೊಳ್ಳುತ್ತೀರಿ. ಚಿತ್ರಗಳೆಲ್ಲ ಹಾಳೆಯ ಒಂದೇ ಬದಿಯಲ್ಲಿರುವುದರಿಂದ ಬಿಚ್ಚಿ ಜೆರಾಕ್ಸ್ ಮಾಡಿಸಬಹುದು. ಒಂದು ಪ್ರತಿಗೆ ಒಂದೇ ಹಾಳೆಯ ಖರ್ಚು.