ಒಂದೇ ಬಾಕ್ಸ್, ಮೂರು ಟಿವಿ: ಹಳೇ ಡಬ್ಬಾ ಟಿವಿಗೂ ಚಿತ್ರ ತಲುಪಿಸುವುದು ಹೇಗೆ?

ನಮ್ಮ ಅತ್ತೆಯ ಕೋಣೆಯಲ್ಲಿ 21 ಇಂಚಿನ ಡಬ್ಬಾ ಟಿವಿ ಇದೆ. ಈಗಲೂ ಗುಂಡಿ ಒತ್ತಿದರೆ ಝುಂಯ್ ಅಂತ ಸದ್ದು ಮಾಡಿ ಎದ್ದು ಕೂರುತ್ತದೆ. ಬಣ್ಣ ಮಾಸಿಲ್ಲ, ದನಿಯಂತೂ ಹಾಲ್‌ನಲ್ಲಿರುವ ಹೊಸ ಎಲ್‌ಇಡಿಗಿಂತ ಗಟ್ಟಿ. ಇಂಥ ಟಿವಿ ಎಷ್ಟೋ ಮನೆಗಳಲ್ಲಿ ಕಸೂತಿ ಬಟ್ಟೆ ಹೊದ್ದು, ಮೇಲೊಂದು ಹೂದಾನಿ ಹೊತ್ತು ಸುಮ್ನೆ ಕೂತಿದೆ. ‘ಇದರಲ್ಲಿ ಈಗ ಏನೂ ಬರಲ್ಲ’ ಎನ್ನುತ್ತಾರೆ. ಬರುತ್ತದೆ. ಹಾಲ್‌ನಲ್ಲಿರುವ ಅದೇ ಸೆಟ್ ಟಾಪ್ ಬಾಕ್ಸಿನಿಂದ ಅಡುಗೆಮನೆಗೂ ಮಹಡಿಗೂ ಚಿತ್ರ ಕಳಿಸಬಹುದು. ನಾನು ಇದನ್ನು ನಮ್ಮ ಮನೆಯಲ್ಲಿ ಮಾಡಿದೆ, ಆಮೇಲೆ ನೆಂಟರ ಮನೆಗಳಲ್ಲೂ ಮಾಡಿಕೊಟ್ಟೆ. ಜನ ಎಡವುವುದು ಎರಡೇ ಕಡೆ. ಒಂದು ಕೇಬಲ್ಲಿನ ತುದಿ, ಇನ್ನೊಂದು ಧ್ವನಿ. ಹಾಗಾಗಿ ಅವೆರಡನ್ನೇ ಇಲ್ಲಿ ಉದ್ದಕ್ಕೆ ಹೇಳುತ್ತೇನೆ.

ಮೊದಲು, ಹಳೇ ಟಿವಿಗೆ ಏನಾಯಿತು ಅಂತ ತಿಳಿದುಕೊಳ್ಳೋಣ. ಹಿಂದೆ ಕೇಬಲ್‌ನವರ ವೈರನ್ನು ನೇರವಾಗಿ ಟಿವಿಗೆ ಚುಚ್ಚಿದರೆ ಸಾಕಿತ್ತು. ಕೇಬಲ್ ಡಿಜಿಟಲ್ ಆದ ಮೇಲೆ ಅದು ನಿಂತಿತು. ಬೆಂಗಳೂರು, ಮೈಸೂರಿಗೆ ಗಡುವು ಕೊಟ್ಟಿದ್ದು 2013ರ ಮಾರ್ಚ್ 31. ಹಳ್ಳಿಗಳೂ ಸೇರಿ ಕೊನೆಯ ಹಂತದ ಗಡುವು 2017ರ ಮಾರ್ಚ್ 31. ಅಂದರೆ ಟಿವಿ ಕೆಟ್ಟಿಲ್ಲ. ಅದಕ್ಕೆ ಅರ್ಥವಾಗುವ ಸಿಗ್ನಲ್ ಬರುವುದು ನಿಂತಿದೆ, ಅಷ್ಟೇ. ಆ ಸಿಗ್ನಲ್ಲನ್ನು ನಾವೇ ಮನೆಯಲ್ಲಿ ತಯಾರು ಮಾಡಬೇಕು.

ಅದನ್ನು ತಯಾರಿಸುವ ಪುಟ್ಟ ಪೆಟ್ಟಿಗೆಯ ಹೆಸರು ಮಾಡ್ಯುಲೇಟರ್. ಸೆಟ್ ಟಾಪ್ ಬಾಕ್ಸಿನ ಎವಿ ತೂತುಗಳಿಂದ (ಹಿಂದಿರುವ ಹಳದಿ, ಬಿಳಿ, ಕೆಂಪು ತೂತುಗಳು) ಬರುವ ಚಿತ್ರ ಮತ್ತು ಧ್ವನಿಯನ್ನು ಅದು ಒಂದು ‘ಚಾನೆಲ್’ ಮಾಡಿ ಕೇಬಲ್ಲಿಗೆ ಬಿಡುತ್ತದೆ. ಹಿಂದೆ ಕೇಬಲ್‌ನವರ ಕಂಟ್ರೋಲ್ ರೂಮಿನಲ್ಲಿ ಇಂಥವನ್ನೇ ಸಾಲಾಗಿ ಜೋಡಿಸಿರುತ್ತಿದ್ದರು, ಚಾನೆಲ್ಲಿಗೊಂದರಂತೆ. ನಿಮ್ಮ ಮನೆಗೆ ಒಂದು ಸಾಕು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೀಗೆ ಮಾಡಿದರೆ ಹಾಲ್‌ನಲ್ಲಿ ಯಾವ ಚಾನೆಲ್ ಓಡುತ್ತಿದೆಯೋ ಎಲ್ಲ ಟಿವಿಯಲ್ಲೂ ಅದೇ ಬರುತ್ತದೆ. ಮಗ ಕ್ರಿಕೆಟ್ ನೋಡುವಾಗ ಅಜ್ಜಿಗೆ ಧಾರಾವಾಹಿ ಬೇಕು ಅಂದರೆ ಇನ್ನೊಂದು ಬಾಕ್ಸ್ ಬೇಕೇ ಬೇಕು. ಚಂದನ ಬಂದರೆ ಸಾಕು ಎನ್ನುವವರಿಗೆ ಡಿಡಿ ಫ್ರೀ ಡಿಶ್ ಒಳ್ಳೆಯದು. ತಿಂಗಳ ಬಾಡಿಗೆಯಿಲ್ಲ, ಎವಿ ತೂತಿರುವ ಬಾಕ್ಸ್ ಕೇಳಿ ತಂದರೆ ಹಳೇ ಟಿವಿಗೆ ನೇರವಾಗಿ ಹೊಂದುತ್ತದೆ.

ಹಂತ 1: ಬಾಕ್ಸಿನ ಬೆನ್ನು ನೋಡಿ

ಹಳದಿ, ಬಿಳಿ, ಕೆಂಪು ತೂತುಗಳು ಇದ್ದರೆ ಕೆಲಸ ಸಲೀಸು. ಎಚ್‌ಡಿಎಂಐ ವೈರ್ ಹಾಲ್ ಟಿವಿಗೆ ಇದ್ದ ಹಾಗೇ ಇರಲಿ, ಖಾಲಿ ಇರುವ ಎವಿ ತೂತುಗಳನ್ನು ಬಳಸಿ. ಹೆಚ್ಚಿನ ಬಾಕ್ಸುಗಳು ಎರಡೂ ಕಡೆ ಒಟ್ಟಿಗೇ ಚಿತ್ರ ಕೊಡುತ್ತವೆ.

ಕೆಲವು ಬಾಕ್ಸುಗಳಲ್ಲಿ ಮೂರು ತೂತಿನ ಬದಲು ಹೆಡ್‌ಫೋನಿನಂಥ ಒಂದೇ ತೂತು ಇರುತ್ತದೆ. ಅದಕ್ಕೆ ಬಾಕ್ಸಿನ ಜೊತೆ ಬಂದ ಕಾರ್ಡನ್ನೇ ಹಾಕಿ. ಅಂಗಡಿಯ ಕಾರ್ಡ್ ನೋಡಲು ಹಾಗೇ ಇದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು. ಹಳದಿ ಪಿನ್ ಹಾಕಿದರೆ ಚಿತ್ರವೇ ಬರುತ್ತಿಲ್ಲವಾ? ಅದೇ ಹಳದಿ ತೂತಿಗೆ ಕೆಂಪನ್ನೋ ಬಿಳಿಯನ್ನೋ ಹಾಕಿ ನೋಡಿ. ಎಷ್ಟೋ ಸಲ ಚಿತ್ರ ಅಲ್ಲಿ ಅಡಗಿರುತ್ತದೆ.

ಬರೀ ಎಚ್‌ಡಿಎಂಐ ಇದ್ದರೆ ‘ಎಚ್‌ಡಿಎಂಐ ಟು ಎವಿ’ ಕನ್ವರ್ಟರ್ ತನ್ನಿ. ಪಕ್ಕದಲ್ಲೇ ‘ಎವಿ ಟು ಎಚ್‌ಡಿಎಂಐ’ ಎನ್ನುವ ಅದೇ ಬಣ್ಣದ, ಅದೇ ಗಾತ್ರದ ಡಬ್ಬಿಯೂ ಇರುತ್ತದೆ. ಅದು ತದ್ವಿರುದ್ಧ ಕೆಲಸದ್ದು, ಈ ಕೆಲಸಕ್ಕೆ ಬರುವುದಿಲ್ಲ. ದುಡ್ಡು ಕೊಡುವ ಮೊದಲು ‘ಎಚ್‌ಡಿಎಂಐ ಒಳಗೆ, ಎವಿ ಹೊರಗೆ’ ಅಂತ ಬಾಯಿಬಿಟ್ಟು ಹೇಳಿ. ಕನ್ವರ್ಟರಿನ ಪಕ್ಕದಲ್ಲೊಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಪಾಲ್, ಅಂದರೆ ನಮ್ಮ ದೇಶದ ಟಿವಿ ಪದ್ಧತಿಯ ಕಡೆ ತಳ್ಳಿ. ಎನ್‌ಟಿಎಸ್‌ಸಿ ಕಡೆ ಇದ್ದರೆ ನಮ್ಮ ಹಳೇ ಟಿವಿಗಳಲ್ಲಿ ಚಿತ್ರ ಕಪ್ಪು ಬಿಳುಪಾಗುತ್ತದೆ, ಇಲ್ಲವೇ ಮೇಲೆ ಕೆಳಗೆ ಉರುಳುತ್ತದೆ. ಕರೆಂಟನ್ನು ಮೊಬೈಲ್ ಚಾರ್ಜರಿನಿಂದಲೇ ಕೊಡಿ.

ಒಂದು ಎಚ್ಚರ. ಡಿಶ್ ಬಾಕ್ಸುಗಳ ಹಿಂದೆ ಕೆಲವೊಮ್ಮೆ ‘ಲೂಪ್ ಔಟ್’ ಎನ್ನುವ ತಿರುಪಿನ ತೂತು ಇರುತ್ತದೆ. ಇದೇ ಟಿವಿಗೆ ಹೋಗುವುದು ಅಂದುಕೊಂಡು ಚುಚ್ಚಿ, ಏನೂ ಬರುತ್ತಿಲ್ಲ ಅಂತ ಒದ್ದಾಡಿದವರನ್ನು ನೋಡಿದ್ದೇನೆ. ಅದು ಇನ್ನೊಂದು ಡಿಶ್ ಬಾಕ್ಸಿಗೆ ಸಿಗ್ನಲ್ ದಾಟಿಸಲು ಇರುವುದು. ಟಿವಿಗೆ ಅದರಿಂದ ಏನೂ ಸಿಗುವುದಿಲ್ಲ.

ಹಂತ 2: ಸಾಮಾನು

ಮಾಡ್ಯುಲೇಟರ್, ಆರ್‌ಜಿ 6 ಕೇಬಲ್ (ಡಿಶ್‌ಗೆ ಹಾಕುವ ದುಂಡನೆಯ ವೈರ್), ಸ್ಪ್ಲಿಟರ್ (ಒಂದು ಕೇಬಲ್ಲನ್ನು ಹಲವು ಟಿವಿಗೆ ಹಂಚುವ ಡಬ್ಬಿ), ಎಫ್ ಕನೆಕ್ಟರುಗಳು (ಕೇಬಲ್ಲಿನ ತುದಿಗೆ ಹಾಕುವ ಪಿನ್), ಹಳೇ ಟಿವಿಗೆ ಚುಚ್ಚುವ ಟಿವಿ ಪಿನ್. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ. ಬೇರೆ ಊರಿನವರು ಡಿಶ್ ಸಾಮಾನು ಮಾರುವ ಅಂಗಡಿಗೆ ಹೋಗಿ.

ಮಾಡ್ಯುಲೇಟರ್ ಕೊಳ್ಳುವಾಗ ‘ಪಾಲ್ ಬಿ/ಜಿ’ ಎಂದು ಬರೆದಿದೆಯೇ ನೋಡಿ. ಅದಿಲ್ಲದಿದ್ದರೆ ಮುಟ್ಟಲೇಬೇಡಿ. ಕಾರಣ ಮುಂದೆ ಬರುತ್ತದೆ.

ವೈರ್‌ಲೆಸ್ ಎವಿ ಸೆಂಡರ್ ಅಂತ ಎರಡು ಡಬ್ಬಿಯ ಸೆಟ್ ಸಿಗುತ್ತದೆ. ವೈರೇ ಬೇಡವಲ್ಲ ಅಂತ ಆಸೆಯಾಗುವುದು ಸಹಜ. ಬೇಡ. 2.4 ಗಿಗಾಹರ್ಟ್ಸ್‌ನದ್ದಾದರೆ ಮನೆಯ ವೈಫೈ ಜೊತೆ ಜಗಳಕ್ಕೆ ಬೀಳುತ್ತದೆ, ಮೈಕ್ರೋವೇವ್ ಓವನ್ ಹಾಕಿದ ಕೂಡಲೇ ಚಿತ್ರದ ತುಂಬ ಗೆರೆ. 5.8ರದ್ದಾದರೆ ಗೋಡೆ ದಾಟುವುದೇ ಕಷ್ಟ. ಕಲ್ಲಿನ ಗೋಡೆಯ ಹಳೇ ಮನೆಗಳಲ್ಲಂತೂ ದುಡ್ಡು ದಂಡ. ಒಂದು ದಿನ ಕೂತು ವೈರ್ ಎಳೆಯಿರಿ, ವರ್ಷಗಟ್ಟಲೆ ಅದರ ಸುದ್ದಿಗೇ ಹೋಗಬೇಕಿಲ್ಲ.

ಇರುವುದು ಒಂದೇ ಹಳೇ ಟಿವಿ, ಅದೂ ಪಕ್ಕದ ಕೋಣೆಯಲ್ಲಿ, ಅದಕ್ಕೆ ಹಳದಿ ತೂತೂ ಇದೆ ಅಂದರೆ ಮಾಡ್ಯುಲೇಟರ್ ಖರ್ಚೇ ಬೇಡ. ಆರ್‌ಜಿ 6 ಕೇಬಲ್ಲಿನ ಎರಡೂ ತುದಿಗೆ ಎವಿ ಪಿನ್ ಹಾಕಿಸಿ ನೇರವಾಗಿ ಕೊಡಿ, ಚಿತ್ರಕ್ಕೊಂದು, ಧ್ವನಿಗೊಂದು. ಅಂಗಡಿಯಲ್ಲಿ ಸಿಗುವ ನೂಲಿನಂಥ ಉದ್ದನೆಯ ಎವಿ ಕಾರ್ಡ್ ಮಾತ್ರ ಬೇಡ. ಚಿತ್ರ ಮಂಕಾಗುತ್ತದೆ, ಧ್ವನಿಯಲ್ಲಿ ಗುಂಯ್ ಸೇರಿಕೊಳ್ಳುತ್ತದೆ.

ಹಂತ 3: ಕೇಬಲ್ ಎಳೆಯಿರಿ

ಕರೆಂಟ್ ವೈರ್ ಇರುವ ಪೈಪಿನಲ್ಲಿ ಇದನ್ನು ತೂರಿಸಬೇಡಿ. ನಡುವೆ ಗಂಟು ಹಾಕಬೇಡಿ. ಮೂಲೆಯಲ್ಲಿ ಮಡಚದೆ ದುಂಡಗೆ ತಿರುಗಿಸಿ. ಎರಡೂ ತುದಿಯಲ್ಲಿ ಒಂದು ಮೊಳ ಜಾಸ್ತಿ ಬಿಡಿ, ತುದಿ ಕೆಟ್ಟರೆ ಮತ್ತೆ ಕತ್ತರಿಸಲು ಬೇಕಾಗುತ್ತದೆ.

ಹಂತ 4: ಕೇಬಲ್ಲಿನ ತುದಿ

ಇಲ್ಲಿ ಅವಸರ ಬೇಡ. ಟಿವಿಯಲ್ಲಿ ಚುಕ್ಕಿ ಚುಕ್ಕಿ ಬಂದಾಗ, ಕೇಬಲ್ ಹುಡುಗರ ಮಾತಲ್ಲಿ ‘ಗ್ರೇನ್ಸ್’ ಬಂದಾಗ, ಜನ ಟಿವಿಯನ್ನು ಬೈಯುತ್ತಾರೆ, ಮಾಡ್ಯುಲೇಟರನ್ನು ಬೈಯುತ್ತಾರೆ. ನಾನು ಹೋಗಿ ನೋಡಿದ ಕಡೆಯೆಲ್ಲ ತಪ್ಪು ಬಹುಪಾಲು ತುದಿಯಲ್ಲೇ ಇತ್ತು.

ಕೇಬಲ್ಲನ್ನು ಅಡ್ಡ ಕತ್ತರಿಸಿ ಅದರ ಮುಖ ನೋಡಿ. ನಟ್ಟನಡುವೆ ಸುಮಾರು ಒಂದು ಮಿಲಿಮೀಟರ್ ದಪ್ಪದ ತಂತಿ. ಅದರ ಸುತ್ತ ಬಿಳಿ ಫೋಮ್. ಫೋಮಿನ ಮೇಲೆ ಬೆಳ್ಳಿ ಹಾಳೆ. ಹಾಳೆಯ ಮೇಲೆ ಕೂದಲಿನಂಥ ತಂತಿಗಳ ಜಾಲರಿ. ಎಲ್ಲಕ್ಕೂ ಹೊರಗೆ ಕಪ್ಪು ಅಥವಾ ಬಿಳಿ ಸಿಪ್ಪೆ. ನಡುವಿನ ತಂತಿ ಸಿಗ್ನಲ್ ಒಯ್ಯುತ್ತದೆ, ಜಾಲರಿ ಅದಕ್ಕೆ ಕಾವಲು. ಇವೆರಡೂ ಒಂದನ್ನೊಂದು ಮುಟ್ಟಲೇಬಾರದು.

ತುದಿಯಿಂದ ಸುಮಾರು 12 ಮಿಲಿಮೀಟರ್ ಹೊರಸಿಪ್ಪೆ ತೆಗೆಯಿರಿ. ಬ್ಲೇಡನ್ನು ಒತ್ತಬೇಡಿ. ಸಿಪ್ಪೆಯ ಮೇಲಿಟ್ಟು ಕೇಬಲ್ಲನ್ನು ನಿಧಾನಕ್ಕೆ ಉರುಳಿಸಿ. ಒತ್ತಿದರೆ ಜಾಲರಿಯೂ ಕತ್ತರಿಸಿಹೋಗುತ್ತದೆ. ಈಗ ಜಾಲರಿಯ ಎಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ, ಹೊರಸಿಪ್ಪೆಯ ಮೇಲೆ ಕೂದಲು ಬಾಚಿದ ಹಾಗೆ ಕೂರಿಸಿ. ಮುಂದೆ ಉಳಿದ ಭಾಗದಲ್ಲಿ ಅರ್ಧ, ಅಂದರೆ 6 ಮಿಲಿಮೀಟರಿನಷ್ಟು, ಬೆಳ್ಳಿ ಹಾಳೆ ಮತ್ತು ಫೋಮನ್ನು ಕತ್ತರಿಸಿ ತೆಗೆಯಿರಿ. ಇಲ್ಲಿ ಬ್ಲೇಡು ನಡುವಿನ ತಂತಿಗೆ ಗೀರು ಹಾಕಬಾರದು. ಗೀರು ಬಿದ್ದ ತಂತಿ ಇವತ್ತು ಕೆಲಸ ಮಾಡುತ್ತದೆ, ನಾಲ್ಕು ಸಲ ಅಲುಗಾಡಿದರೆ ಮುರಿಯುತ್ತದೆ.

ಇಷ್ಟಾದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಜಾಲರಿಯ ಒಂದೇ ಒಂದು ಎಳೆ ಮುಂದಕ್ಕೆ ಚಾಚಿ ನಡುವಿನ ತಂತಿಗೆ ತಾಗಿದ್ದರೂ ಸಿಗ್ನಲ್ ಅಲ್ಲೇ ಸತ್ತಂತೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮೂರೂ ಟಿವಿ ಒಟ್ಟಿಗೆ ಹೋಗಿದ್ದವು. ಹೊಸ ಸ್ಪ್ಲಿಟರ್ ತಂದು ಹಾಕಿಯೂ ಆಗಿತ್ತು. ಕೊನೆಗೆ ಮಾಡ್ಯುಲೇಟರಿನ ತುದಿ ಬಿಚ್ಚಿದರೆ, ರೆಪ್ಪೆ ಕೂದಲಿನಷ್ಟು ಸಣ್ಣ ಎಳೆಯೊಂದು ಒಳಗೆ ಬಾಗಿ ಕೂತಿತ್ತು.

ಈಗ ಎಫ್ ಕನೆಕ್ಟರ್ ಏರಿಸಿ. ತಿರುಪಿ ಹಾಕುವ ಬಗೆಯದಾದರೆ ಬಿಗಿಯಾಗಿ ತಿರುಪುತ್ತಾ ಹೋಗಿ, ಕನೆಕ್ಟರಿನ ಬಾಯೊಳಗೆ ಇಣುಕಿ. ಬಿಳಿ ಫೋಮ್ ಒಳಗಿನ ತಳಕ್ಕೆ ಸಮನಾಗಿ ಬರಬೇಕು. ತಳ ಮುಟ್ಟಿರದಿದ್ದರೆ ಇನ್ನೂ ತಿರುಪಿ. ನಡುವಿನ ತಂತಿ ಕನೆಕ್ಟರಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಕಂಡರೆ ಸರಿ. ಜಾಸ್ತಿ ಇದ್ದರೆ ಕತ್ತರಿಸಿ, ಕಡಿಮೆ ಇದ್ದರೆ ಮೊದಲಿನಿಂದ ಮಾಡಿ. ದಿನಾ ಈ ಕೆಲಸ ಮಾಡುವವರು ಒತ್ತುವ ಕನೆಕ್ಟರ್ ಬಳಸುತ್ತಾರೆ. ಅದಕ್ಕೆ ಅದರದ್ದೇ ಇಕ್ಕಳ ಬೇಕು. ಸಾದಾ ಇಕ್ಕಳದಲ್ಲಿ ಚಪ್ಪಟೆ ಮಾಡಿದ ಕನೆಕ್ಟರ್ ಕೈಯಲ್ಲಿ ಎಳೆದರೆ ಬಿಚ್ಚಿಬರುತ್ತದೆ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಕೇಬಲ್ಲಿನ ಎರಡೂ ತುದಿ ಬಿಚ್ಚಿಟ್ಟು, ನಡುವಿನ ತಂತಿಗೊಂದು ಕಡ್ಡಿ, ಕನೆಕ್ಟರಿನ ಮೈಗೊಂದು ಕಡ್ಡಿ ಇಟ್ಟು ನೋಡಿ. ಬೀಪ್ ಅಂದರೆ ಎಲ್ಲೋ ತಾಗಿಕೊಂಡಿದೆ ಅಂತ ಅರ್ಥ.

ಹಳೇ ಟಿವಿಯ ಕಡೆ ಟಿವಿ ಪಿನ್ ಹಾಕಿ. ಬರೀ ತಂತಿಯನ್ನು ತೂತಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕಿ ನಿಲ್ಲಿಸುವ ಅಭ್ಯಾಸ ಬಿಟ್ಟುಬಿಡಿ. ಜಾಲರಿಗೆ ಜಾಗವೇ ಸಿಗದೆ ಚಿತ್ರ ಕೆಡುತ್ತದೆ. ತೂತೇ ಸಡಿಲವಾಗಿದ್ದರೆ ಮೆಕ್ಯಾನಿಕ್ಕಿಗೆ ಕೊಡಿ. ನೀವು ಹಿಂದಿನ ಮುಚ್ಚಳ ತೆಗೆಯಬೇಡಿ. ಆ ಪಿಕ್ಚರ್ ಟ್ಯೂಬಿಗೆ ಓಡುವುದು 20 ಸಾವಿರ ವೋಲ್ಟಿಗೂ ಮೇಲೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.

ಹಂತ 5: ಹಂಚಿಕೆ

ಮಾಡ್ಯುಲೇಟರಿನಿಂದ ಬಂದ ಕೇಬಲ್ ಸ್ಪ್ಲಿಟರಿನ ‘ಇನ್’ಗೆ, ಟಿವಿಗಳು ‘ಔಟ್’ಗೆ. ಎಷ್ಟು ಟಿವಿಯೋ ಅಷ್ಟೇ ಬಾಯಿಯ ಸ್ಪ್ಲಿಟರ್ ತನ್ನಿ. ಮುಂದೆ ಬೇಕಾಗಬಹುದು ಅಂತ ಎಂಟು ಬಾಯಿಯದ್ದು ತರುತ್ತಾರೆ, ಅದು ತಪ್ಪು. ಎರಡು ಬಾಯಿಯದ್ದರಲ್ಲಿ ಪ್ರತಿ ಕಡೆಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸಿಗ್ನಲ್ ಹೋಗುತ್ತದೆ. ನಾಲ್ಕಾದರೆ ಕಾಲು ಭಾಗಕ್ಕೂ ಕಡಿಮೆ. ಖಾಲಿ ಬಾಯಿ ಉಳಿದರೆ 75 ಓಮಿನ ಮುಚ್ಚಳ ಹಾಕಿ. ಇಲ್ಲದಿದ್ದರೆ ಸಿಗ್ನಲ್ ಅಲ್ಲಿಂದ ಹಿಂದಕ್ಕೆ ಚಿಮ್ಮಿ ಚಿತ್ರದ ಪಕ್ಕದಲ್ಲಿ ನೆರಳು ಮೂಡಬಹುದು.

ಹಂತ 6: ಚಾನೆಲ್ ಹುಡುಕಿ, ಧ್ವನಿ ಸರಿ ಮಾಡಿ

ಮಾಡ್ಯುಲೇಟರಿನಲ್ಲಿ ಕೆಳಗಿನ ಚಾನೆಲ್ ಆರಿಸಿ. ವಿಎಚ್‌ಎಫ್ (ಕೆಳಗಿನ ಫ್ರೀಕ್ವೆನ್ಸಿಯ ಚಾನೆಲ್‌ಗಳ ಗುಂಪು) ಸಿಕ್ಕರೆ ಅದೇ ಇರಲಿ. ಚಾನೆಲ್ ಮೇಲೆ ಹೋದಷ್ಟೂ ಕೇಬಲ್ಲಿನಲ್ಲಿ ಸಿಗ್ನಲ್ ಜಾಸ್ತಿ ಸೋರುತ್ತದೆ. ಟಿವಿಯಲ್ಲಿ ಆಟೊ ಸರ್ಚ್ ಕೊಡಿ. ಚಿತ್ರ ಬಂದು ನಿಲ್ಲುತ್ತದೆ.

ಚಿತ್ರ ಗಾಜಿನ ಹಾಗೆ ಸ್ವಚ್ಛ, ಧ್ವನಿ ಮಾತ್ರ ಇಲ್ಲ, ಬರೀ ಸೊಯ್ ಅಂತ ಸದ್ದು. ಇಲ್ಲಿಗೆ ಬಂದು ಮಾಡ್ಯುಲೇಟರ್ ಕೆಟ್ಟಿದೆ ಅಂತ ವಾಪಸ್ ಕೊಟ್ಟವರು ತುಂಬಾ ಜನ. ಅದು ಕೆಟ್ಟಿರುವುದಿಲ್ಲ. ನಮ್ಮ ದೇಶದ ಪಾಲ್ ಬಿ/ಜಿ ಪದ್ಧತಿಯಲ್ಲಿ ಧ್ವನಿಯು ಚಿತ್ರಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ ಕೂರುತ್ತದೆ. ಚೀನಾದ ಡಿ/ಕೆ ಪದ್ಧತಿಯಲ್ಲಿ 6.5, ಅಮೆರಿಕದ ಎಂ ಪದ್ಧತಿಯಲ್ಲಿ 4.5. ಮಾಡ್ಯುಲೇಟರ್ ಧ್ವನಿಯನ್ನು ಒಂದು ಕಡೆ ಇಡುತ್ತಿದೆ, ನಿಮ್ಮ ಟಿವಿ ಇನ್ನೊಂದು ಕಡೆ ಹುಡುಕುತ್ತಿದೆ. ಮಾಡ್ಯುಲೇಟರಿನ ಹಿಂದೆ ಸ್ವಿಚ್ ಇದ್ದರೆ ಬಿ/ಜಿಗೆ ತಂದಿಡಿ. ಇಲ್ಲದಿದ್ದರೆ ಟಿವಿಯ ಮೆನುವಿನಲ್ಲಿ ‘ಸೌಂಡ್ ಸಿಸ್ಟಮ್’ ಇರುತ್ತದೆ, ಒಂದೊಂದಾಗಿ ಬದಲಿಸಿ ನೋಡಿ. ಮೆನುವೇ ಇಲ್ಲದ ಹಳೇ ಟಿವಿ ಬಿ/ಜಿ ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಕೊಳ್ಳುವಾಗಲೇ ನೋಡಿ ಅಂದದ್ದು ಅದಕ್ಕೇ.

ಅಡ್ಡ ಪಟ್ಟಿಯೊಂದು ನಿಧಾನವಾಗಿ ಚಿತ್ರದ ಮೇಲೆ ಹತ್ತುತ್ತಿದ್ದರೆ, ಬಾಕ್ಸ್ ಮತ್ತು ಮಾಡ್ಯುಲೇಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ.

ಹಂತ 7: ಮುಖಗಳು ಉದ್ದವಾದರೆ

ಹಳೇ ಟಿವಿಯ ಪರದೆಯ ಅಗಲ-ಎತ್ತರ 4:3, ಈಗಿನ ಕಾರ್ಯಕ್ರಮಗಳು 16:9. ಬಾಕ್ಸಿನ ಸೆಟ್ಟಿಂಗಿನಲ್ಲಿ ‘ಲೆಟರ್‌ಬಾಕ್ಸ್’ ಇಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಪರದೆ ತುಂಬಲಿ ಅಂತ ‘ಪ್ಯಾನ್ ಸ್ಕ್ಯಾನ್’ ಇಟ್ಟರೆ ಅಕ್ಕಪಕ್ಕ ಕತ್ತರಿಸಿ, ಮ್ಯಾಚಿನಲ್ಲಿ ಸ್ಕೋರೇ ಅರ್ಧ ಕಾಣುವುದಿಲ್ಲ. ಈ ಸೆಟ್ಟಿಂಗ್ ಹಾಲ್ ಟಿವಿಗೂ ತಾಗುತ್ತಿದ್ದರೆ ಅಲ್ಲೂ ಒಮ್ಮೆ ನೋಡಿಕೊಳ್ಳಿ.

ಹಂತ 8: ರಿಮೋಟ್

ಚಾನೆಲ್ ಬದಲಿಸಲು ಅತ್ತೆ ಪ್ರತಿ ಸಲ ಹಾಲ್‌ಗೆ ಎದ್ದು ಬರಬೇಕು ಅಂದರೆ ಇಷ್ಟೆಲ್ಲ ಮಾಡಿ ಏನು ಬಂತು? ರಿಮೋಟಿನ ಸಿಗ್ನಲ್ಲನ್ನು ದೂರದ ಬಾಕ್ಸಿಗೆ ಮುಟ್ಟಿಸುವ ಐಆರ್ ಎಕ್ಸ್‌ಟೆಂಡರ್ ಅಂತ ಉದ್ದ ವೈರಿನದ್ದು ಸಿಗುತ್ತದೆ. ಒಂದು ತುದಿಯ ಪುಟ್ಟ ಕಣ್ಣನ್ನು ಕೋಣೆಯ ಟಿವಿಯ ಮೇಲೆ ಅಂಟಿಸಿ. ಇನ್ನೊಂದು ತುದಿಯ ಬಲ್ಬನ್ನು ಬಾಕ್ಸಿನಲ್ಲಿ ರಿಮೋಟ್ ಹಿಡಿಯುವ ಜಾಗದ ಎದುರಿಗೆ ಅಂಟಿಸಿ. ಆ ಜಾಗ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಟಾರ್ಚ್ ಬಿಟ್ಟು ನೋಡಿ, ಕಪ್ಪು ಗಾಜಿನ ಹಿಂದೆ ಸಣ್ಣ ಗುಂಡನೆ ಉಬ್ಬು ಕಾಣುತ್ತದೆ. ಅದೇ ಕಂಪನಿಯ ಇನ್ನೊಂದು ರಿಮೋಟ್ ತಂದು ಅತ್ತೆಯ ಮಂಚದ ಪಕ್ಕ ಇಡಿ. ಟಿವಿಯ ಯಾವ ನಂಬರಿನಲ್ಲಿ ಚಿತ್ರ ಬರುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದು ಆ ರಿಮೋಟಿನ ಬೆನ್ನಿಗೇ ಅಂಟಿಸಿ.